ಶನಿವಾರದ ‘ಇದೇನು ಹೇಳಿ’ ಆಟ: ಫೋನು ಉತ್ತರ ಹೇಳಿಬಿಟ್ಟರೆ ಏನು ಮಾಡೋದು?

ರೋಣದವಳು:

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ನಾವು ಆರು ಜನ ಗೆಳತಿಯರು. ಧಾರವಾಡದಲ್ಲಿ ಒಂದೇ ಹಾಸ್ಟೆಲಿನಲ್ಲಿದ್ದವರು. ಈಗ ಒಬ್ಬಳು ಪುತ್ತೂರಿನಲ್ಲಿದ್ದಾಳೆ, ಒಬ್ಬಳು ಶಿಡ್ಲಘಟ್ಟದಲ್ಲಿ, ಒಬ್ಬಳು ಸಾಗರದ ಹತ್ತಿರ, ಒಬ್ಬಳು ಮೈಸೂರಿನಲ್ಲಿ, ಇನ್ನೊಬ್ಬಳು ದೂರದ ಡಬ್ಲಿನ್‌ನಲ್ಲಿ. ನಾನಿರುವುದು ಬೆಂಗಳೂರು, ಊರು ಗದಗ ಜಿಲ್ಲೆಯ ರೋಣದ ಕಡೆ. 2020ರ ಲಾಕ್‌ಡೌನ್ ಹೊತ್ತಿನಲ್ಲಿ ಶನಿವಾರ ರಾತ್ರಿ 9ಕ್ಕೆ ವಿಡಿಯೊ ಕಾಲ್ ಮಾಡಲು ಶುರು ಮಾಡಿದೆವು. ಡಬ್ಲಿನ್‌ನವಳಿಗೆ ಆಗ ಬೇಸಿಗೆಯಾದರೆ ಸಂಜೆ ನಾಲ್ಕೂವರೆ, ಚಳಿಗಾಲವಾದರೆ ಮೂರೂವರೆ. ಎಲ್ಲರಿಗೂ ಒಗ್ಗುವ ಹೊತ್ತು ಅದೊಂದೇ.

ಮೊದಮೊದಲು ಊಟ ಆಯ್ತಾ, ಮಕ್ಕಳು ಮಲಗಿದರಾ ಅಂತ ಮಾತಾಡಿ ಸುಮ್ಮನಾಗುತ್ತಿದ್ದೆವು. ಒಂದು ಶನಿವಾರ ಪುತ್ತೂರಿನವಳು ಒಂದು ಫೋಟೊ ಹಾಕಿ ‘ಇದೇನು ಹೇಳಿ’ ಅಂದಳು. ಕಂದು ಬಣ್ಣದ್ದು, ದೋಣಿಯ ಥರ ಮಡಚಿದ್ದು. ಮೈಸೂರಿನವಳು ಪ್ರಸಾದ ಹಂಚುವ ದೊನ್ನೆ ಅಂದಳು. ನಾನು ಹಾಲು ಕರೆಯುವ ಪಾತ್ರೆಯ ಮುಚ್ಚಳ ಇರಬೇಕು ಅಂದೆ. ಅದು ಮುಟ್ಟಾಳೆ! ಅಡಕೆ ಹಾಳೆಯಿಂದ ಮಾಡಿದ ಟೋಪಿ. ಬಿಸಿಲಿಗೂ ಆಗುತ್ತದೆ, ತಲೆ ಮೇಲೆ ಹೊರೆ ಹೊರಲೂ ಆಗುತ್ತದೆ. ಅವತ್ತು ಅವಳು ಅದನ್ನು ಹೇಗೆ ಹೊಲಿಯುತ್ತಾರೆ ಅಂತ ತೋರಿಸಿದಳು. ಒಂದು ಗಂಟೆ ಹೇಗೆ ಹೋಯಿತೋ ಗೊತ್ತಿಲ್ಲ.

ಆಮೇಲೆ ಅದೇ ರೂಢಿಯಾಯಿತು. ವಾರಕ್ಕೆ ಒಬ್ಬಳ ಸರದಿ. ಶಿಡ್ಲಘಟ್ಟದವಳು ಚಂದ್ರಿಕೆ ತೋರಿಸಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಬಿದಿರಿನ ತಟ್ಟಿಯ ಮೇಲೆ ಬಿದಿರಿನ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಕಟ್ಟಿರುತ್ತಾರೆ. ಹಣ್ಣಾದ ರೇಷ್ಮೆಹುಳುಗಳನ್ನು ಅದರ ಮೇಲೆ ಬಿಟ್ಟರೆ ಆ ಸಂದಿಯಲ್ಲಿ ಗೂಡು ಕಟ್ಟುತ್ತವೆ. ನಾವೆಲ್ಲ ಅದನ್ನು ಹಪ್ಪಳ, ಸಂಡಿಗೆ, ಇನ್ನೇನೋ ಒಣಗಿಸುವ ತಟ್ಟೆ ಅಂದುಕೊಂಡಿದ್ದೆವು. ರೇಷ್ಮೆ ಸೀರೆ ಉಟ್ಟು ಮದುವೆಗೆ ಹೋಗುವ ನಮಗೆ ಆ ನೂಲು ಎಲ್ಲಿ ಗೂಡಾಗುತ್ತದೆ ಅಂತಲೇ ಗೊತ್ತಿರಲಿಲ್ಲ.

ಈಗ ಸಮಸ್ಯೆ ಹೇಳುತ್ತೇನೆ. ಫೋಟೊ ತೋರಿಸಿದರೆ ಅದೇನು ಅಂತ ಫೋನೇ ಹೇಳುತ್ತದೆಯಲ್ಲ, ಅದು ಬಂದ ಮೇಲೆ ನಮ್ಮ ಆಟ ಸೊರಗುತ್ತಿದೆ. ಹೋದ ತಿಂಗಳು ಪುತ್ತೂರಿನವಳು ಅವಳ ಅಜ್ಜಿಯ ಚನ್ನೆಮಣೆಯ ಫೋಟೊ ಹಾಕಿದಳು. ಎರಡು ಸಾಲು, ಸಾಲಿಗೆ ಏಳು ಗುಳಿ. ಯಾರೋ ಒಬ್ಬಳು ಫೋಟೊವನ್ನು ಫೋನಿನಲ್ಲಿ ಹುಡುಕಿ ಐದೇ ಸೆಕೆಂಡಿಗೆ ಹೆಸರು ಹೇಳಿದಳು. ಆಟ ಮುಗಿಯಿತು. ಆಮೇಲೆ ಗೊತ್ತಾಯಿತು, ಪುತ್ತೂರಿನವಳು ಡಬ್ಬಿ ತುಂಬ ಕೆಂಪು ಮಂಜೊಟ್ಟಿ ಕಾಯಿ ಇಟ್ಟುಕೊಂಡು ಕೂತಿದ್ದಳಂತೆ. ಗುಳಿಗೆ ನಾಲ್ಕರಂತೆ ಹಾಕಿ, ಆಟಿ ತಿಂಗಳ ಮಳೆಯಲ್ಲಿ ಅಜ್ಜಿ ಹೇಗೆ ಆಡುತ್ತಿದ್ದರು ಅಂತ ತೋರಿಸಬೇಕು ಅಂತಿದ್ದಳು. ಯಾರೂ ಕೇಳಲಿಲ್ಲ. ನನಗೆ ಅದು ತುಂಬಾ ಬೇಜಾರಾಯಿತು.

ಇನ್ನೊಂದು ತಕರಾರು ಹೆಸರಿನದು. ಮೈಸೂರಿನವಳು ಈಳಿಗೆ ಮಣೆ ಅನ್ನುವುದನ್ನು ಪುತ್ತೂರಿನವಳು ಮೆಟ್ಟುಕತ್ತಿ ಅನ್ನುತ್ತಾಳೆ. ಯಾರಿಗೆ ಅಂಕ ಕೊಡಬೇಕು?

ನೀವು ಯಾರಾದರೂ ಇಂಥ ಆಟ ಆಡುತ್ತೀರಾ? ಹೇಗೆ ಆಡುತ್ತೀರಿ? ಎರಡು ವಾರ ಬಿಟ್ಟು ನನ್ನ ಸರದಿ. ವಸ್ತು ಸಿಕ್ಕಿದೆ. ಏನು ಅಂತ ಇಲ್ಲಿ ಹೇಳುವುದಿಲ್ಲ, ಯಾಕೆಂದರೆ ನಮ್ಮವಳೊಬ್ಬಳು ಇಲ್ಲಿ ಓದುತ್ತಾಳೆ.

ಅಡಕೆತೋಟ:

ಅಕ್ಕಾ, ನಾವು ಶಿರಸಿ ಕಡೆಯವರು. ಚಿಕ್ಕಪ್ಪ, ದೊಡ್ಡಪ್ಪನ ಮಕ್ಕಳೆಲ್ಲ ಸೇರಿ ಇದೇ ಆಟ ಆಡುತ್ತೇವೆ. ನಮಗೂ ಇದೇ ತೊಂದರೆ ಆಗಿತ್ತು. ನಾವು ಮಾಡಿದ್ದು ಹೇಳುತ್ತೇನೆ.

ಇಡೀ ವಸ್ತುವಿನ ಫೋಟೊ ಹಾಕುವುದನ್ನೇ ಬಿಟ್ಟೆವು. ಒಂದು ಮೂಲೆ, ಒಂದು ಹಿಡಿ, ಒಂದು ತೂತು, ಅಷ್ಟೇ ತೋರಿಸುತ್ತೇವೆ. ಅಂಥ ಚೂರು ಫೋಟೊ ಕೊಟ್ಟರೆ ಫೋನು ಬಾಗಿಲು, ಮೇಜು ಅಂತ ಏನೇನೋ ಹೇಳುತ್ತದೆ.

ಇನ್ನೊಂದು ಉಪಾಯ ನಮ್ಮ ಅತ್ತೆಯದು. ಇದು ಎಲ್ಲಕ್ಕಿಂತ ಚೆನ್ನಾಗಿದೆ. ವಸ್ತುವನ್ನು ಬಟ್ಟೆಯ ಕೈಚೀಲದಲ್ಲಿ ಹಾಕುತ್ತೇವೆ. ಅದನ್ನು ಯಾವತ್ತೂ ನೋಡದ ಮಗುವನ್ನು ಕೂರಿಸಿ ಚೀಲದೊಳಗೆ ಕೈ ಹಾಕಿಸುತ್ತೇವೆ. ಮಗು ಏನು ಹೇಳುತ್ತದೋ ಅದೇ ಸುಳಿವು. ‘ಉದ್ದ ಇದೆ, ತುದಿ ಚಪ್ಪಟೆ, ಮಧ್ಯದಲ್ಲಿ ಗಂಟು ಇದೆ.’ ಮಕ್ಕಳು ಹೇಳುವ ರೀತಿಯೇ ಬೇರೆ. ನನ್ನ ಮಗಳು ಒಮ್ಮೆ ತೆಂಗಿನ ನಾರಿನ ಹಗ್ಗ ಮುಟ್ಟಿ ‘ಅಜ್ಜನ ಗಡ್ಡ’ ಅಂದಿದ್ದಳು. ಆದರೆ ಚೂಪಾದದ್ದು, ಹರಿತವಾದದ್ದು ಚೀಲಕ್ಕೆ ಹಾಕಲೇಬೇಡಿ.

ಹೆಸರಿನ ಜಗಳಕ್ಕೆ ನಮ್ಮಲ್ಲಿ ಒಂದೇ ನಿಯಮ. ಹೆಸರು ಹೇಳಿದರೆ ಅಂಕ ಇಲ್ಲ. ಅದು ಏನು ಕೆಲಸ ಮಾಡುತ್ತದೆ, ಯಾರು ಯಾವಾಗ ಬಳಸುತ್ತಾರೆ ಅಂತ ಹೇಳಿದರೆ ಅಂಕ. ಆಮೇಲೆ ಎಲ್ಲರೂ ತಮ್ಮ ತಮ್ಮ ಊರಿನ ಹೆಸರು ಹೇಳುತ್ತೇವೆ. ನಾನು ಅದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ.

ಲೆಕ್ಕದ ಟೀಚರ್:

ಫೋಟೊನೇ ಬೇಡ ಅಂತ ನನ್ನ ಸಲಹೆ. ಇಪ್ಪತ್ತು ಪ್ರಶ್ನೆ ಆಟ ಆಡಿ. ಉತ್ತರ ‘ಹೌದು’ ಅಥವಾ ‘ಅಲ್ಲ’ ಮಾತ್ರ.

ಇದರಲ್ಲಿ ಒಂದು ಚಂದದ ಲೆಕ್ಕ ಇದೆ. ಪ್ರತಿ ಪ್ರಶ್ನೆ ಉಳಿದ ವಸ್ತುಗಳನ್ನು ಸರಿಯಾಗಿ ಎರಡು ಪಾಲು ಮಾಡುವಂತಿದ್ದರೆ 10 ಪ್ರಶ್ನೆಯಲ್ಲಿ 1,024 ವಸ್ತುಗಳ ನಡುವೆ ಒಂದನ್ನು ಹಿಡಿಯಬಹುದು. 20 ಪ್ರಶ್ನೆಗೆ 10,48,576. ಹತ್ತು ಲಕ್ಷಕ್ಕೂ ಜಾಸ್ತಿ! ಅಷ್ಟು ಸಾಮಾನು ಯಾರ ಅಟ್ಟದಲ್ಲೂ ಇರುವುದಿಲ್ಲ.

ಆದರೆ ಪ್ರಶ್ನೆ ಕೇಳುವುದು ಗೊತ್ತಿರಬೇಕು. ‘ಅಡಕತ್ತರಿನಾ?’ ಅಂತ ಕೇಳಿ ‘ಅಲ್ಲ’ ಬಂದರೆ ಒಂದು ವಸ್ತು ಹೋಯಿತು ಅಷ್ಟೇ. ‘ಮರದ್ದಾ?’ ಅಂತ ಕೇಳಿದರೆ ಯಾವ ಉತ್ತರ ಬಂದರೂ ಒಂದು ದೊಡ್ಡ ರಾಶಿ ಪಕ್ಕಕ್ಕೆ ಸರಿಯುತ್ತದೆ. ನಾನು ಏಳನೇ ತರಗತಿಯ ಮಕ್ಕಳಿಗೆ ಇದನ್ನು ಆಡಿಸುತ್ತೇನೆ. ಮೊದಲ ದಿನ ಎಲ್ಲರೂ ನೇರವಾಗಿ ಹೆಸರಿಗೇ ಕೈ ಹಾಕುತ್ತಾರೆ. ವಾರ ಕಳೆಯುವ ಹೊತ್ತಿಗೆ ‘ಮನೆ ಒಳಗೆ ಇರುತ್ತಾ ಹೊರಗೆ ಇರುತ್ತಾ’ ಅಂತ ಶುರು ಮಾಡುತ್ತಾರೆ.

ದುರ್ಗದ ಮೇಷ್ಟ್ರು:

ತಾಯೀ, ನಿಮ್ಮ ಆಟಕ್ಕೆ ನಮ್ಮ ಜಿಲ್ಲೆಯ ನಂಟು ಒಂದಿದೆ. ಅದನ್ನು ಹೇಳದೆ ಇರಲಾರೆ.

ಮಾರ್ಟಿಮರ್ ವೀಲರ್ ಅಂತ ಒಬ್ಬರು ಇದ್ದರು. 1944ರಿಂದ 1948ರವರೆಗೆ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರು. 1947ರಲ್ಲಿ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆತ ಮಾಡಿಸಿದರು. ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಅಶೋಕನ ಶಾಸನ ಇದೆಯಲ್ಲ, ಅದೇ ಬ್ರಹ್ಮಗಿರಿ. ಕೋಟೆಯ ಹತ್ತಿರದ ಚಂದ್ರವಳ್ಳಿಯಲ್ಲೂ ಅಗೆಸಿದರು. ಅದೇ ವೀಲರ್ ಇಂಗ್ಲೆಂಡಿಗೆ ಮರಳಿದ ಮೇಲೆ ಬಿಬಿಸಿ ಟಿವಿಯಲ್ಲಿ ನಿಮ್ಮ ಆಟವನ್ನೇ ಆಡಿದರು! 1952ರಲ್ಲಿ ಶುರುವಾದ ‘ಅನಿಮಲ್, ವೆಜಿಟೆಬಲ್, ಮಿನರಲ್?’ ಅನ್ನುವ ಕಾರ್ಯಕ್ರಮ. ಮ್ಯೂಸಿಯಂನಿಂದ ವಸ್ತು ತಂದು ಮುಂದೆ ಇಡುವುದು, ತಿಳಿದವರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ ಏನು ಅಂತ ಹೇಳುವುದು. ಜನ ಮುಗಿಬಿದ್ದು ನೋಡಿದರು. 1954ರಲ್ಲಿ ಅವರಿಗೆ ಅಲ್ಲಿ ವರ್ಷದ ಟಿವಿ ವ್ಯಕ್ತಿ ಅನ್ನುವ ಗೌರವವೂ ಸಿಕ್ಕಿತು.

ನಾನು ಇತಿಹಾಸ ಪಾಠ ಮಾಡಿದವನು. ಹಳೇ ವಸ್ತು ಕೈಗೆ ಬಂದರೆ ನಾನು ಮಕ್ಕಳಿಗೆ ಹೇಳುತ್ತಿದ್ದದ್ದು ಒಂದೇ: ಮೊದಲು ಸವೆತ ನೋಡಿ. ಎಲ್ಲಿ ನುಣುಪಾಗಿದೆಯೋ ಅಲ್ಲಿ ಮನುಷ್ಯರ ಕೈ ಓಡಾಡಿದೆ. ಎಲ್ಲಿ ಕಪ್ಪಾಗಿದೆಯೋ ಅಲ್ಲಿ ಬೆಂಕಿಯೋ ಎಣ್ಣೆಯೋ ತಾಗಿದೆ. ಹಗ್ಗ ಕಟ್ಟಿದ ಕಡೆ ಗೀರು ಬಿದ್ದಿರುತ್ತದೆ. ಗೆಳತಿಯರಿಗೆ ಆ ಸವೆದ ಜಾಗವನ್ನು ತೋರಿಸಿ, ಉಳಿದದ್ದನ್ನು ಮುಚ್ಚಿಡಿ. ಒಂದು ಬಿಡುವಿನ ದಿನ ರಾಮನಗರದ ಜಾನಪದ ಲೋಕಕ್ಕೋ ಮಣಿಪಾಲದ ಹಸ್ತಶಿಲ್ಪ ಗ್ರಾಮಕ್ಕೋ ಎಲ್ಲರೂ ಸೇರಿ ಹೋಗಿ. ಚೀಟಿ ಓದದೆ ವಸ್ತು ನೋಡಿ ಊಹಿಸಿ, ಆಮೇಲೆ ಚೀಟಿ ಓದಿ.

ಮಲ್ಲಿಗೆಬಳ್ಳಿ:

ಒಗಟು ಹಾಕಿ! ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ’ ಅಂದರೆ ಮಲ್ಲಿಗೆ. ಹಾಗೇ ನಿಮ್ಮ ವಸ್ತುವಿಗೆ ನೀವೇ ಒಂದು ಸಾಲು ಕಟ್ಟಿ. ಫೋನಿಗೆ ಹೊಸ ಒಗಟು ಗೊತ್ತಿರುವುದಿಲ್ಲ. ನಮ್ಮಮ್ಮ ರೊಟ್ಟಿ ತಟ್ಟುತ್ತಾ ತಟ್ಟುತ್ತಾ ಇಂಥವು ಎಷ್ಟೋ ಹೇಳುತ್ತಿದ್ದರು.

ರೋಣದವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ನನ್ನ ಸರದಿ ಮುಗಿಯಿತು. ಈಗ ವಸ್ತು ಏನು ಅಂತ ಹೇಳಬಹುದು.

ಕೂರಿಗೆ ಬಟ್ಟಲು. ಬಿತ್ತುವ ಕೂರಿಗೆಯ ಮೇಲೆ ಕೂರಿಸುವ ಮರದ ಬಟ್ಟಲು. ಅದರ ತಳದಲ್ಲಿ ತೂತುಗಳಿರುತ್ತವೆ. ತೂತಿಗೊಂದು ಬಿದಿರಿನ ಕೊಳವೆ. ಬಟ್ಟಲಿಗೆ ಬಿಟ್ಟ ಕಾಳು ಕೊಳವೆಯಲ್ಲಿ ಇಳಿದು ಸಾಲಿಗೆ ಬೀಳುತ್ತದೆ. ಕೂರಿಗೆ ಯಾವತ್ತೋ ಮುರಿದು ಒಲೆಗೆ ಹೋಗಿದೆ. ಬಟ್ಟಲು ಮಾತ್ರ ಊರಿನ ಮನೆಯಲ್ಲಿ ದನದ ಕೊಟ್ಟಿಗೆಯ ಗೂಡಿನಲ್ಲಿ ಇತ್ತು.

ಮೇಷ್ಟ್ರು ಹೇಳಿದಂತೆ ನುಣುಪಾದ ಅಂಚಿನ ಫೋಟೊ ಒಂದೇ ಹಾಕಿದೆ. ಫೋನಿನಲ್ಲಿ ಹುಡುಕಬಾರದು ಅಂತ ಎಲ್ಲರೂ ಒಪ್ಪಿಕೊಂಡರು. ಆಮೇಲೆ ಪ್ರಶ್ನೆ ಶುರು. ಮರದ್ದಾ? ಹೌದು. ಹೆಂಗಸರು ಬಳಸುತ್ತಾರಾ? ಹೌದು. ಅಷ್ಟಕ್ಕೇ ಎಲ್ಲರೂ ಅಡುಗೆಮನೆಗೆ ನುಗ್ಗಿಬಿಟ್ಟರು. ಶ್ಯಾವಿಗೆ ಒತ್ತುವುದಾ? ಅಲ್ಲ. ಉಪ್ಪಿನ ಮರಿಗೆನಾ? ಅಲ್ಲ. ಮೊಸರು ಕಡೆಯುವುದಕ್ಕೆ ಸಂಬಂಧ ಇದೆಯಾ? ಅಲ್ಲ. ಒಂಬತ್ತು ಪ್ರಶ್ನೆ ಹೀಗೇ ಹೋಯಿತು. ಹತ್ತನೆಯದು ಡಬ್ಲಿನ್‌ನವಳದು: ‘ಇದು ಇಡೀ ವಸ್ತುನಾ, ಇಲ್ಲಾ ಇನ್ನೊಂದರ ಭಾಗನಾ?’ ಹೌದು-ಅಲ್ಲ ಅಂತ ಹೇಳಲು ಆಗುವಂತಿರಲಿಲ್ಲ, ಆದರೂ ಹೇಳಿದೆ, ಭಾಗ ಅಂತ. ಹನ್ನೊಂದನೆಯದು ಸಾಗರದವಳದು: ‘ಮನೆಯಿಂದ ಹೊರಗಾ?’ ಹೌದು. ಎಲ್ಲರೂ ಒಂದು ಕ್ಷಣ ಸುಮ್ಮನಾದರು.

ಆಗ ಶಿಡ್ಲಘಟ್ಟದವಳ ಹಿಂದೆ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದ ಅವಳ ಅಮ್ಮ ಫೋನಿನ ಹತ್ತಿರ ಬಂದು ನೋಡಿದರು. ‘ಕೂರಿಗೇದು ಕಣೇ ಅದು’ ಅಂದರು. ‘ತೂತು ಎಷ್ಟಿದೆಯಮ್ಮ?’ ಅಂತ ನನ್ನನ್ನೇ ಕೇಳಿದರು. ಮೂರು ಅಂದೆ. ‘ಮೂರೇನಾ? ನಮ್ಮಪ್ಪನ ಮನೇಲಿ ರಾಗಿ ಬಿತ್ತೋ ಕೂರಿಗೆಗೆ ಹನ್ನೆರಡು ಇತ್ತು’ ಅಂದರು. ನಮ್ಮದು ಎರೆ ಹೊಲ, ಬಿತ್ತುವುದು ಹಿಂಗಾರಿ ಜೋಳ, ಸಾಲು ದೂರ ದೂರ. ಅವರದು ಕೆಂಪು ಮಣ್ಣು, ರಾಗಿ, ಸಾಲು ಹತ್ತಿರ ಹತ್ತಿರ. ಒಂದೇ ಬಟ್ಟಲಿನಲ್ಲಿ ಎರಡು ಸೀಮೆಯ ಹೊಲ ಕಂಡಿತು ನನಗೆ.

ಆಮೇಲೆ ನಾನು ನಮ್ಮವ್ವನ ವಿಷಯ ಹೇಳಿದೆ. ಗಂಡಸರು ಎತ್ತು ಹೊಡೆಯುತ್ತಾರೆ, ಕಾಳು ಬಿಡುವುದು ಹೆಂಗಸರು. ಉಡಿಯಲ್ಲಿ ಬೀಜ ಕಟ್ಟಿಕೊಂಡು, ಬಟ್ಟಲಿನ ಮೇಲೆ ಮುಷ್ಟಿ ಇಟ್ಟು, ಬೆರಳ ಸಂದಿಯಿಂದ ಒಂದೇ ಸಮ ಬಿಡುತ್ತಾ ನಡೆಯಬೇಕು. ಕೈ ಸ್ವಲ್ಪ ತಡೆದರೂ ಆ ಜಾಗದಲ್ಲಿ ಸಸಿ ಇರುವುದಿಲ್ಲ. ಹತ್ತು ದಿನಕ್ಕೆ ಊರಿಗೆಲ್ಲ ಕಾಣುತ್ತದೆ. ಅವ್ವನ ಸಾಲು ಎಲ್ಲೂ ಖಾಲಿ ಬೀಳುತ್ತಿರಲಿಲ್ಲವಂತೆ, ಬಿತ್ತಿಗೆ ಬಂತೆಂದರೆ ನೆರೆಹೊರೆಯವರೂ ಅವಳನ್ನೇ ಕರೆಯುತ್ತಿದ್ದರಂತೆ. ಇದನ್ನು ಅಪ್ಪ ನನಗೆ ಹೇಳಿದ್ದು ಈ ದೀಪಾವಳಿಗೆ, ಆ ಬಟ್ಟಲು ನನ್ನ ಕೈಗೆ ಕೊಡುವಾಗ. ಅವ್ವ ತೀರಿಕೊಂಡು ಆರು ವರ್ಷ ಆಯಿತು. ಆ ನುಣುಪಾದ ಅಂಚು ಅವಳ ಕೈಯಿಂದ ಆದದ್ದು.

ಪುತ್ತೂರಿನವಳಿಗೆ ಅವಳ ಶನಿವಾರ ಮರಳಿ ಕೊಟ್ಟಿದ್ದೇವೆ. ಮುಂದಿನ ತಿಂಗಳು ಚನ್ನೆಮಣೆ ಆಡಿ ತೋರಿಸುತ್ತಾಳೆ. ಊಹೆ ಏನೂ ಇಲ್ಲ, ಸುಮ್ನೆ ನೋಡುವುದು.

ಬರುವ ಶನಿವಾರ ಶಿಡ್ಲಘಟ್ಟದ ಅಮ್ಮನ ಸರದಿ. ಅವರೂ ಈಗ ನಮ್ಮ ಗುಂಪಿನವರು, ಏಳನೆಯವರು. ಕೈಚೀಲದ ಉಪಾಯ ಹೇಳಿದೆ, ಅವರಿಗೆ ಬಹಳ ಹಿಡಿಸಿತು. ಇವತ್ತೇ ಮೊಮ್ಮಗನ ಕೈ ಹಾಕಿಸಿ ಸುಳಿವು ಕಳಿಸಿದ್ದಾರೆ: ‘ತಣ್ಣಗಿದೆ, ಭಾರ ಇದೆ, ಒಳಗೆ ಏನೋ ಅಲ್ಲಾಡುತ್ತೆ.’

ಅಡಕೆತೋಟ:

ಅಕ್ಕಾ, ಮೊದಲ ಪ್ರಶ್ನೆ ನನ್ನ ಕಡೆಯಿಂದ ಕೇಳಿಬಿಡಿ. ದನದ ಕೊರಳಿಗೆ ಕಟ್ಟುತ್ತಾರಾ?