ಐದನೇ ಸೆಮಿಸ್ಟರ್‌ಗೆ ಆರು ಗುರಿ ಬರೆದುಕೊಂಡಿದ್ದೇನೆ, ಯಾವುದು ಇಟ್ಟುಕೊಳ್ಳಲಿ, ಯಾವುದು ಬಿಡಲಿ?

ಕಬ್ಬಿನಗದ್ದೆ:

ಬಿಎಸ್ಸಿ ಫಿಸಿಕ್ಸ್, ನಾಲ್ಕು ಸೆಮಿಸ್ಟರ್ ಮುಗಿದಿದೆ, ಸಿಜಿಪಿಎ (ಎಲ್ಲ ಸೆಮಿಸ್ಟರ್ ಸೇರಿಸಿದ ಸರಾಸರಿ, ಹತ್ತಕ್ಕೆ) 6.8. ಮಂಡ್ಯದಿಂದ ಮೈಸೂರಿಗೆ ದಿನಾ ಟ್ರೈನು. ಬೆಳಿಗ್ಗೆ ಐದಕ್ಕೆ ಮತ್ತು ಸಂಜೆ ಹಸು ಕೆಲಸ ಇರುತ್ತೆ. ಬರೆದುಕೊಂಡಿರೋದು ಇಷ್ಟು: ಡಿಗ್ರಿ ಮುಗಿಯೋ ಹೊತ್ತಿಗೆ 7.5, ಫೆಬ್ರವರಿಯಲ್ಲಿ ಐಐಟಿ ಜ್ಯಾಮ್ (ಎಂಎಸ್ಸಿ ಪ್ರವೇಶ ಪರೀಕ್ಷೆ), ಒಂದು ಎನ್‌ಪಿಟಿಇಎಲ್ ಕೋರ್ಸ್ (ಐಐಟಿಗಳು ನಡೆಸೋ ಆನ್‌ಲೈನ್ ಪಾಠ), ಇಂಗ್ಲಿಷ್ ಮಾತಾಡೋದು, ಬೆಳಿಗ್ಗೆ ಓಟ, ತಿಂಗಳಿಗೊಂದು ಪುಸ್ತಕ. ಇಷ್ಟೂ ಒಟ್ಟಿಗೆ ಆಗುತ್ತಾ? ಆಗಲ್ಲ ಅಂದ್ರೆ ಯಾವ ಲೆಕ್ಕದ ಮೇಲೆ ಕೈಬಿಡಬೇಕು? ಕೂತು ಮಾಡೋಕೆ ಆಗುವಂಥದ್ದು ಹೇಳಿ.

ಒರೆಗಲ್ಲು:

ಮೊದಲು ಆ 7.5 ಅನ್ನೇ ಒರೆಗೆ ಹಚ್ಚಿ. ಎಲ್ಲ ಸೆಮಿಸ್ಟರ್‌ಗೂ ಕ್ರೆಡಿಟ್ (ಸರಾಸರಿಯಲ್ಲಿ ಒಂದೊಂದು ಪೇಪರಿಗೆ ಇರುವ ತೂಕ) ಹೆಚ್ಚುಕಡಿಮೆ ಒಂದೇ ಅಂತ ಇಟ್ಟುಕೊಂಡರೆ, ಆರು ಸೆಮಿಸ್ಟರ್‌ಗೆ 7.5 ಬರಲು ಒಟ್ಟು 45 ಆಗಬೇಕು. ನಾಲ್ಕರಲ್ಲಿ ಆಗಿರೋದು 27.2. ಉಳಿದ 17.8 ಎರಡೇ ಸೆಮಿಸ್ಟರ್‌ನಲ್ಲಿ ಬರಬೇಕು, ಅಂದರೆ ಎರಡರಲ್ಲೂ 8.9. 6.8ರಲ್ಲಿ ಇರುವವರು ಒಂದೇ ಏಟಿಗೆ ಅಲ್ಲಿಗೆ ಹಾರೋದು ತೀರಾ ಕಷ್ಟ. ಮೊದಲ ಇಂಟರ್ನಲ್ಸ್‌ನಲ್ಲೇ "ಇನ್ನು ಆಗಲ್ಲ" ಅನ್ನಿಸಿಬಿಡುತ್ತೆ, ಆಮೇಲೆ ಆಗಬಹುದಾಗಿದ್ದದ್ದೂ ಆಗಲ್ಲ. 7.2 ಅಂತ ಇಟ್ಟರೆ ಎರಡರಲ್ಲೂ 8.0 ಸಾಕು. ಅದು ಎಟುಕುವ ಎತ್ತರ.

ಈ 8.0 ಅನ್ನು ಪೇಪರ್‌ವಾರು ಒಡೆಯಿರಿ. ನಾಲ್ಕು ಕ್ರೆಡಿಟ್‌ನ ಪೇಪರಿನಲ್ಲಿ ಒಂದು ಗ್ರೇಡ್ ಪಾಯಿಂಟ್ ಏರಿದರೆ, ಎರಡು ಕ್ರೆಡಿಟ್‌ನದ್ದರಲ್ಲಿ ಎರಡು ಏರಿದಷ್ಟೇ ಲಾಭ. ಆದ್ದರಿಂದ ಹೆಚ್ಚು ಕ್ರೆಡಿಟ್ ಇದ್ದು, ಸದ್ಯ ನೀವು ಹಿಂದೆ ಬಿದ್ದಿರುವ ಒಂದೆರಡು ಪೇಪರ್ ಆರಿಸಿಕೊಳ್ಳಿ. ಲ್ಯಾಬ್ ರೆಕಾರ್ಡ್ ಮತ್ತು ಅಸೈನ್‌ಮೆಂಟ್ ಅಂಕ ಎಲ್ಲಕ್ಕಿಂತ ಕಡಿಮೆ ಶ್ರಮಕ್ಕೆ ಸಿಗೋ ಅಂಕ, ತಡವಾಗಿ ಕೊಟ್ಟು ಕಳೆದುಕೊಳ್ಳಬೇಡಿ.

ಹಾಜರಿಯನ್ನೂ ಈಗಲೇ ಲೆಕ್ಕ ಹಾಕಿಡಿ. ವಾರಕ್ಕೆ ನಾಲ್ಕು ಕ್ಲಾಸಿನಂತೆ ಹದಿನೈದು ವಾರಕ್ಕೆ 60. ಶೇ 75 ಅಂದರೆ 45, ತಪ್ಪಿಸಬಹುದಾದದ್ದು 15. ಭತ್ತದ ಕೊಯ್ಲು ಬರೋದು ಸೆಮಿಸ್ಟರ್ ಕೊನೆಗೆ. ಅದಕ್ಕೆ, ಮದುವೆ ಮುಂಜಿಗೆ ಅಂತ ಹತ್ತು ಕ್ಲಾಸ್ ಎತ್ತಿಟ್ಟು, ಜ್ವರಕ್ಕೆ ಐದು ಉಳಿಸಿ. ಆಗಸ್ಟಿನಲ್ಲೇ ಸುಮ್ಮನೆ ಎಂಟು ಕಳೆದುಕೊಂಡವರು ಕೊಯ್ಲಿನ ಹೊತ್ತಿಗೆ ಸಿಕ್ಕಿಬೀಳ್ತಾರೆ.

ಮೂರನೇ ಪ್ಲಾಟ್‌ಫಾರ್ಮ್:

ಮೇಲಿನವರು ಅಂಕದ ಲೆಕ್ಕ ಕೊಟ್ಟರು, ನಾನು ಗಂಟೆಯ ಲೆಕ್ಕ ಕೊಡ್ತೀನಿ. ವಾರಕ್ಕೆ 168 ಗಂಟೆ. ನಿದ್ದೆ 49, ಕಾಲೇಜು 36, ಮನೆಯಿಂದ ಮನೆಗೆ ಓಡಾಟ ದಿನಕ್ಕೆ ಮೂರರಂತೆ 18, ಊಟ ಸ್ನಾನ 17, ಹಸು ಮತ್ತು ಮನೆಗೆಲಸ 14. ಒಟ್ಟು 134. ಉಳಿದದ್ದು 34. ಇದರಲ್ಲಿ ಅರ್ಧವನ್ನು ಮಾತ್ರ ನಂಬಿ, ಅಂದರೆ 17. ಯಾಕೆ ಅರ್ಧ ಅಂದರೆ, ಒಂದು ಕೆಲಸಕ್ಕೆ ಎಷ್ಟು ಹೊತ್ತು ಬೇಕು ಅಂತ ಅಂದಾಜಿಸೋದರಲ್ಲಿ ಎಲ್ಲರೂ ಕಮ್ಮಿ ಹೇಳ್ತಾರೆ. 1994ರಲ್ಲಿ ಪ್ರಕಟವಾದ ಬ್ಯೂಲರ್ ಮತ್ತು ಸಂಗಡಿಗರ ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧಕ್ಕೆ ಸರಾಸರಿ 34 ದಿನ ಬೇಕು ಅಂದಿದ್ದರು, ಹಿಡಿದದ್ದು 55 ದಿನ.

17 ಗಂಟೆಗೆ ಆರು ಗುರಿ ಹಂಚಿದರೆ ಒಂದಕ್ಕೂ ಮೂರು ಗಂಟೆ ಬೀಳಲ್ಲ. ನನ್ನ ಮಾತು ಕೇಳೋದಾದರೆ ಸೆಮಿಸ್ಟರ್ ಪೇಪರ್‌ಗೆ 10, ಜ್ಯಾಮ್‌ಗೆ 5, ಇಂಗ್ಲಿಷ್‌ಗೆ 2. ಜ್ಯಾಮ್ ಸಿಲಬಸ್ ಬಹುಪಾಲು ಡಿಗ್ರಿಯದ್ದೇ ಆಗಿರೋದರಿಂದ ಇವೆರಡು ಒಂದಕ್ಕೊಂದು ಹೆಗಲು ಕೊಡುತ್ತವೆ. ಎನ್‌ಪಿಟಿಇಎಲ್ ಈ ಸೆಮಿಸ್ಟರ್‌ಗೆ ಬೇಡ. ಪುಸ್ತಕ ಓದೋದನ್ನು ಬಿಡಬೇಡಿ, ಆದರೆ ಗುರಿ ಪಟ್ಟಿಯಿಂದ ತೆಗೆಯಿರಿ. ಅದು ಸುಮ್ಮನೆ ಇಷ್ಟಪಟ್ಟು ಓದುವ ಪುಸ್ತಕವಾಗಿಯೇ ಇರಲಿ.

ಇನ್ನು ಬರೆಯೋ ರೀತಿ. "ಕ್ವಾಂಟಂ ಚೆನ್ನಾಗಿ ಓದಬೇಕು" ಅಂತ ಬರೆದರೆ ಮಂಗಳವಾರ ರಾತ್ರಿ ಎಂಟಕ್ಕೆ ಏನು ಮಾಡಬೇಕು ಅಂತ ಗೊತ್ತಾಗಲ್ಲ. ಹೀಗೆ ಬರೆಯಿರಿ:

*ಮಂಗಳ, ಗುರು. ರಾತ್ರಿ 8ರಿಂದ 9:15. ನಡುಮನೆ ಮೇಜು, ಫೋನ್ ಅಡುಗೆಮನೆಯಲ್ಲಿ. ಕ್ವಾಂಟಂ, ಹಳೇ ಪ್ರಶ್ನೆಪತ್ರಿಕೆಯ 4 ಲೆಕ್ಕ, ನೋಟ್ಸ್ ಮುಚ್ಚಿಟ್ಟು. ಕರೆಂಟ್ ಹೋದರೆ: ಸೂತ್ರಗಳನ್ನು ನೆನಪಿನಿಂದ ಬರೆಯೋದು. ನೆಂಟರು ಬಂದರೆ: 2 ಲೆಕ್ಕ, ಮಲಗೋ ಮುಂಚೆ.*

"ಹೀಗಾದರೆ ಹೀಗೆ" ಅನ್ನೋ ಆ ಕೊನೇ ಎರಡು ಸಾಲು ಬಹಳ ಮುಖ್ಯ. ಮನಶ್ಶಾಸ್ತ್ರಜ್ಞ ಪೀಟರ್ ಗೊಲ್ವಿಟ್ಜರ್ ಇದರ ಬಗ್ಗೆಯೇ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅಡ್ಡಿ ಬಂದಾಗ ಏನು ಮಾಡೋದು ಅಂತ ಮೊದಲೇ ತೀರ್ಮಾನ ಆಗಿದ್ದರೆ, ಆ ಹೊತ್ತಿನಲ್ಲಿ ಮನಸ್ಸಿನ ಜೊತೆ ಗುದ್ದಾಡಬೇಕಿಲ್ಲ.

ಕಬ್ಬಿನಗದ್ದೆ:

8.9 ಅಂತ ನೋಡಿ ಗಾಬರಿಯಾಯ್ತು, ಈ ಲೆಕ್ಕ ಹಾಕೇ ಇರಲಿಲ್ಲ. ಎರಡು ಸಂದೇಹ. ಟ್ರೈನಲ್ಲಿ ಸೀಟು ಸಿಗೋದೇ ಅಪರೂಪ, ಆ ಹೊತ್ತು ಹಾಳೇ ಅಲ್ವಾ? ಓಟಕ್ಕೆ ಗಂಟೆಯೇ ಕೊಡಲಿಲ್ಲವಲ್ಲ?

ಜೆಎಲ್‌ಬಿ ರೋಡ್:

ನಿಂತುಕೊಂಡು ಹೊಸ ಪಾಠ ಓದೋಕೆ ಆಗಲ್ಲ, ಪ್ರಯತ್ನವೂ ಬೇಡ. ನೆನಪಿಸಿಕೊಳ್ಳೋದು ಮಾತ್ರ ನಿಂತೇ ಆಗುತ್ತೆ. ಜೇಬಿನಲ್ಲಿ ಹಿಡಿಸುವಷ್ಟು ಗಟ್ಟಿ ಕಾಗದದ ಚೀಟಿ ಹತ್ತು ಮಾಡಿಕೊಳ್ಳಿ. ಒಂದು ಕಡೆ ಪ್ರಶ್ನೆ, ಹಿಂದೆ ಉತ್ತರ. ಪಾಂಡವಪುರ ಬರೋವರೆಗೆ ಪ್ರಶ್ನೆ ನೋಡಿ ಮನಸ್ಸಲ್ಲೇ ಉತ್ತರ ಹೇಳಿಕೊಳ್ಳಿ, ಹಿಂದೆ ತಿರುಗಿಸಬೇಡಿ. ಶ್ರೀರಂಗಪಟ್ಟಣ ಬಿಟ್ಟ ಮೇಲೆ ತಿರುಗಿಸಿ ಸರಿ ನೋಡಿ. ನಾಗನಹಳ್ಳಿ ಹೊತ್ತಿಗೆ ತಪ್ಪಿದವು ಮಾತ್ರ ಇನ್ನೊಂದು ಸಲ. ಸರಿ ಬಂದ ಚೀಟಿ ಮೂರು ದಿನ ಬಿಟ್ಟು ಬರಲಿ, ತಪ್ಪಿದ್ದು ನಾಳೆಯೇ. ಮತ್ತೆ ಮತ್ತೆ ಓದೋದಕ್ಕಿಂತ ಹೀಗೆ ನೆನಪಿನಿಂದ ಹೊರತೆಗೆಯೋದು ಹೆಚ್ಚು ದಿನ ಉಳಿಯುತ್ತೆ. ಚೀಟಿಯ ತುಂಬ ಇಡೀ ಪುಟ ಬರೆಯೋದೇ ಸಾಮಾನ್ಯವಾಗಿ ಆಗೋ ತಪ್ಪು. ಒಂದು ಚೀಟಿಗೆ ಒಂದೇ ಪ್ರಶ್ನೆ.

ಓಟದ ವಿಚಾರ. ಐದಕ್ಕೆ ಹಾಲು ಕರೆಯೋದು ಇರುವಾಗ ಐದಕ್ಕೇ ಓಟ ಅಂತ ಬರೆದರೆ ಅದು ದಿನಾ ಸೋಲೋ ಗುರಿ. ನಿಮ್ಮ ಕಾಲೇಜು ಮಹಾರಾಜ, ಯುವರಾಜ ಕಡೆಯಾದರೆ ಮೈಸೂರು ಸ್ಟೇಷನ್‌ನಿಂದ ಮೆಟ್ರೋಪೋಲ್ ಸರ್ಕಲ್ ದಾಟಿ ಬಿರುಸಾಗಿ ನಡೆದರೆ ಇಪ್ಪತ್ತು ನಿಮಿಷದ ಆಸುಪಾಸು. ಹೋಗಿ ಬಂದು ಆರು ದಿನಕ್ಕೆ ನಾಲ್ಕು ಗಂಟೆ ಆಯ್ತು. ದೊಡ್ಡವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ವಾರಕ್ಕೆ ಕನಿಷ್ಠ 150 ನಿಮಿಷ. ಓಡಾಟದ 18 ಗಂಟೆಯಲ್ಲೇ ಇದು ಮುಗಿಯುತ್ತೆ.

ಇಂಗ್ಲಿಷ್‌ಗೆ ಇರುವ ಎರಡು ಗಂಟೆಯನ್ನು ಅರ್ಧರ್ಧ ಗಂಟೆಯಾಗಿ ನಾಲ್ಕು ದಿನಕ್ಕೆ ಹಂಚಿ. ಅವತ್ತಿನ ಲ್ಯಾಬ್ ಪ್ರಯೋಗವನ್ನೋ ಒಂದು ಸೂತ್ರವನ್ನೋ ಫೋನಿನಲ್ಲಿ ಎರಡು ನಿಮಿಷ ರೆಕಾರ್ಡ್ ಮಾಡಿ, ಕೇಳಿ, ಎಲ್ಲಿ ತಡವರಿಸಿದಿರೋ ಆ ಮೂರು ಜಾಗ ಗುರುತು ಹಾಕಿ, ಅಲ್ಲಿಗೆ ಬೇಕಾದ ಪದ ಹುಡುಕಿ ಮತ್ತೆ ಹೇಳಿ. ದಿನಾಂಕ ಹಾಕಿ ಇಟ್ಟುಕೊಂಡು, ಮೊದಲ ವಾರದ್ದನ್ನೂ ಎಂಟನೇ ವಾರದ್ದನ್ನೂ ಒಟ್ಟಿಗೆ ಕೇಳಿ. ಮಾತು ನಿಂತುಹೋದ ಜಾಗ ಎಷ್ಟು ಅಂತ ಎಣಿಸಿದರೆ ಅದೇ ಅಳತೆ.

ಒರೆಗಲ್ಲು:

ಒಂದು ಸೇರಿಸ್ತೀನಿ. ಭಾನುವಾರ ಸಂಜೆ ಇಪ್ಪತ್ತು ನಿಮಿಷ ಎತ್ತಿಡಿ. ಎಷ್ಟು ಗಂಟೆ ಅಂದುಕೊಂಡಿದ್ದಿರಿ, ಎಷ್ಟು ಆಯ್ತು, ತಪ್ಪಿದ್ದು ಯಾಕೆ ಅಂತ ಒಂದೇ ಸಾಲು ಬರೆಯಿರಿ. ಒಂದೇ ಕಾರಣ ಎರಡು ವಾರ ಬಂದರೆ ಗುರಿ ಹಾಗೇ ಇರಲಿ, ಅದರ ಹೊತ್ತು ಬದಲಾಯಿಸಿ. ತಪ್ಪಿದ ಗಂಟೆಗಳನ್ನು ಮುಂದಿನ ವಾರಕ್ಕೆ ಹೊರಿಸಬೇಡಿ. ಹತ್ತು ಗಂಟೆಯ ವಾರಕ್ಕೆ ಹದಿನಾರು ತುಂಬಿದರೆ ಅದೂ ಒಡೆಯುತ್ತೆ.

ದಸರಾ ದಿನಗಳಿಗೆ ಹೊಸ ಅಧ್ಯಾಯ ಇಟ್ಟುಕೊಳ್ಳಬೇಡಿ, ಮನೆ ತುಂಬ ಜನ ಇರ್ತಾರೆ. ಜ್ಯಾಮ್‌ನ ಹಳೇ ಪತ್ರಿಕೆ ಎರಡು ಬಿಡಿಸಿ ಸಾಕು, ಒಂದೊಂದಕ್ಕೆ ಮೂರು ಗಂಟೆ, ಗಡಿಯಾರ ಇಟ್ಟು. 60 ಪ್ರಶ್ನೆ, 100 ಅಂಕ. ಎ ವಿಭಾಗದಲ್ಲಿ ಮಾತ್ರ ತಪ್ಪಿಗೆ ಅಂಕ ಕಳೀತಾರೆ, ಉತ್ತರ ಸಂಖ್ಯೆಯಲ್ಲಿ ಬರೆಯೋ ಸಿ ವಿಭಾಗದಲ್ಲಿ ಕಳೆಯಲ್ಲ. ಆದ್ದರಿಂದ ಸಿ ವಿಭಾಗದಲ್ಲಿ ಒಂದನ್ನೂ ಖಾಲಿ ಬಿಡಬೇಡಿ. ಅರ್ಜಿ ಹಾಕೋ ಅವಧಿ ಸಾಮಾನ್ಯವಾಗಿ ಸೆಪ್ಟೆಂಬರ್, ಅಕ್ಟೋಬರ್. ಹಬ್ಬದ ಗಡಿಬಿಡಿಯಲ್ಲಿ ಮರೆಯೋ ಸಂಭವ ಇದೆ, ದಿನಾಂಕ ಗೊತ್ತಾದ ತಕ್ಷಣ ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಕಬ್ಬಿನಗದ್ದೆ:

7.2, ಜ್ಯಾಮ್, ಇಂಗ್ಲಿಷ್. ಮೂರೇ ಬರೆದೆ. ಎನ್‌ಪಿಟಿಇಎಲ್ ಆರನೇ ಸೆಮಿಸ್ಟರ್‌ನಲ್ಲಿ ಆಗುತ್ತಾ?

ಮೂರನೇ ಪ್ಲಾಟ್‌ಫಾರ್ಮ್:

ಆಗುತ್ತೆ, ಜನವರಿಯಿಂದ ಇನ್ನೊಂದು ಸುತ್ತು ಶುರುವಾಗುತ್ತೆ. 4, 8, 12 ವಾರದ ಕೋರ್ಸ್‌ಗಳಿರುತ್ತವೆ, ಫೆಬ್ರವರಿಯಲ್ಲಿ ಜ್ಯಾಮ್ ಇರೋದರಿಂದ 12ರದ್ದು ಬೇಡ. ಸರ್ಟಿಫಿಕೇಟ್‌ಗೆ ಅಸೈನ್‌ಮೆಂಟ್‌ನಲ್ಲಿ 25ಕ್ಕೆ 10, ಪರೀಕ್ಷೆಯಲ್ಲಿ 75ಕ್ಕೆ 30, ಎರಡೂ ಬೇರೆ ಬೇರೆಯಾಗಿ ದಾಟಬೇಕು. ಅಸೈನ್‌ಮೆಂಟ್ ಗಡುವು ವಾರವಾರ ಬರುತ್ತೆ, ಅದನ್ನೂ ನಿಮ್ಮ ಭಾನುವಾರದ ಇಪ್ಪತ್ತು ನಿಮಿಷದಲ್ಲೇ ನೋಡಿಕೊಳ್ಳಿ.