ಸದ್ದು ಮಾಡುವ ಬಟ್ಟೆ ಡ್ರೈಯರ್: ಮನೆಯಲ್ಲೇ ದುರಸ್ತಿ ಮಾಡಬಹುದೇ?

ಪ್ರಶ್ನೆ: ಮಿನ್ನೆಸೋಟದಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ನೆಲಮಾಳಿಗೆಯಲ್ಲಿರುವ ವಿದ್ಯುತ್ ಡ್ರೈಯರ್ ಕೆಲವು ವಾರಗಳಿಂದ ವಿಪರೀತ ಸದ್ದು ಮಾಡುತ್ತಿದೆ. ಮೊದಮೊದಲು ಚಾಲೂ ಮಾಡಿದ ಕೂಡಲೇ ದಬ್ ದಬ್ ಎಂದು ಒಂದೇ ಲಯದಲ್ಲಿ ಬಡಿದುಕೊಂಡು, ಸ್ವಲ್ಪ ಹೊತ್ತಿನಲ್ಲಿ ತಾನಾಗಿಯೇ ತಗ್ಗುತ್ತಿತ್ತು. ಈಗ ಅದರ ಜೊತೆಗೆ ಕೀಲೆಣ್ಣೆ ಕಾಣದ ಗಾಡಿಯಂತೆ ಕಿರುಗುಟ್ಟುವ ಸದ್ದೂ ಸೇರಿಕೊಂಡಿದೆ. ಬಟ್ಟೆ ಹೆಚ್ಚು ತುಂಬಿದ ದಿನ ಅದು ಇನ್ನೂ ಜೋರಾಗುತ್ತದೆ. ಬಟ್ಟೆಗಳೇನೋ ಎಂದಿನಂತೆಯೇ ಒಣಗುತ್ತಿವೆ.

ದುರಸ್ತಿಯವರು ಹೇಳಿದ ಮೊತ್ತ ಹೊಸ ಯಂತ್ರದ ಅರ್ಧ ಬೆಲೆಗೆ ಹತ್ತಿರವಾಗಿದೆ. ಹೊರಗೆ ಹಗ್ಗ ಕಟ್ಟೋಣವೆಂದರೆ ಇಲ್ಲಿನ ಚಳಿಗಾಲದಲ್ಲಿ ಬಟ್ಟೆ ಒಣಗುವ ಮೊದಲೇ ಹೆಪ್ಪುಗಟ್ಟಿ ಹಲಗೆಯಾಗುತ್ತದೆ. ನನಗೆ ಸ್ಕ್ರೂಡ್ರೈವರ್ ಮತ್ತು ಸ್ಪ್ಯಾನರ್ ಹಿಡಿದು ಕೆಲಸ ಮಾಡುವ ಅಭ್ಯಾಸವಿದೆ, ಆದರೆ ಡ್ರೈಯರ್ ಅನ್ನು ಇದುವರೆಗೆ ಬಿಚ್ಚಿಲ್ಲ. ಲಿಂಟ್ (ಬಟ್ಟೆಯಿಂದ ಉದುರುವ ಸಣ್ಣ ನಾರು) ಹಿಡಿಯುವ ಜಾಲರಿ ಯಂತ್ರದ ಮೇಲ್ಭಾಗದಲ್ಲಿರುವ ಮಾದರಿ ನಮ್ಮದು. ಸದ್ದಿನಿಂದಲೇ ಕೆಟ್ಟ ಭಾಗವನ್ನು ಗುರುತಿಸಲು ಸಾಧ್ಯವೇ? ಅಲ್ಲಿಯವರೆಗೆ ಯಂತ್ರವನ್ನು ಬಳಸಿದರೆ ಅಪಾಯವಿದೆಯೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಟೆಕ್ಸಾಸ್‌ನಿಂದ

ನಮಸ್ಕಾರ. ನೀವು ಸದ್ದನ್ನು ವಿವರಿಸಿದ ರೀತಿಯಲ್ಲೇ ಅರ್ಧ ಉತ್ತರವಿದೆ. ಡ್ರೈಯರ್‌ನ ಒಳಗೆ ತಿರುಗುವ ಭಾಗಗಳು ಬಹಳವಿಲ್ಲ. ಡ್ರಮ್, ಅದನ್ನು ಕೆಳಗಿನಿಂದ ಹೊತ್ತಿರುವ ರಬ್ಬರ್ ಅಂಚಿನ ರೋಲರ್‌ಗಳು, ಡ್ರಮ್ಮನ್ನು ಸುತ್ತಿಕೊಂಡಿರುವ ತೆಳುವಾದ ಉದ್ದನೆಯ ಬೆಲ್ಟ್, ಆ ಬೆಲ್ಟನ್ನು ಬಿಗಿಯಾಗಿ ಹಿಡಿದಿಡುವ ಐಡ್ಲರ್ ಪುಲ್ಲಿ, ಮೋಟಾರು ಮತ್ತು ಬಿಸಿ ಗಾಳಿಯನ್ನು ಹೊರದೂಡುವ ಬ್ಲೋವರ್ ಚಕ್ರ ಇಷ್ಟೇ. ಇವುಗಳಲ್ಲಿ ಹೆಚ್ಚಿನವು ಬೇರೆ ಬೇರೆ ವೇಗದಲ್ಲಿ ತಿರುಗುವುದರಿಂದ ಒಂದರ ಸದ್ದು ಇನ್ನೊಂದರಂತೆ ಇರುವುದಿಲ್ಲ.

ತಣ್ಣಗಿದ್ದಾಗ ದಬ್ ದಬ್ ಎಂದು ಬಡಿದು, ಬಿಸಿಯಾದ ಮೇಲೆ ತಗ್ಗುವುದು ರೋಲರ್‌ಗಳ ಲಕ್ಷಣ. ಡ್ರಮ್ಮಿನ ಭಾರ ಒಂದೇ ಕಡೆ ಕುಳಿತು ರಬ್ಬರ್ ಚಪ್ಪಟೆಯಾಗುತ್ತದೆ. ಬಿಸಿಗೆ ಮೆದುವಾಗಿ ಮತ್ತೆ ದುಂಡಗಾಗುವ ತನಕ ಬಡಿಯುತ್ತದೆ. ಬಟ್ಟೆಯ ಭಾರದೊಂದಿಗೆ ಏರುವ ಕಿರುಗುಟ್ಟುವಿಕೆ ಐಡ್ಲರ್ ಪುಲ್ಲಿಯದೋ ರೋಲರ್‌ನ ಒಣಗಿದ ಅಚ್ಚಿನದೋ ಆಗಿರುತ್ತದೆ. ಲೋಹಕ್ಕೆ ಲೋಹ ಉಜ್ಜಿದಂತೆ ಕರಕರ ಕೇಳಿದರೆ ಡ್ರಮ್ಮಿನ ಮುಂಭಾಗವನ್ನು ಆಧರಿಸುವ ಪ್ಲಾಸ್ಟಿಕ್ ಗ್ಲೈಡ್‌ಗಳು ಸವೆದಿವೆ ಎಂದರ್ಥ. ಡ್ರಮ್ಮಿನ ಲಯಕ್ಕೆ ಹೊಂದದ, ಎಡೆಬಿಡದ ಗಡಗಡ ಸದ್ದು ಬ್ಲೋವರ್ ಕಡೆಯದು. ಜೇಬಿನಲ್ಲಿ ಉಳಿದ ನಾಣ್ಯವೋ ಗುಂಡಿಯೋ ಜಾಲರಿಯ ಸಂದಿನಿಂದ ಅಲ್ಲಿಗೆ ಇಳಿದಿರುವುದು ಸಾಮಾನ್ಯ.

ಏನನ್ನೂ ಬಿಚ್ಚುವ ಮೊದಲು ಪ್ಲಗ್ ಕಿತ್ತು, ಬಾಗಿಲು ತೆರೆದು, ಖಾಲಿ ಡ್ರಮ್ಮನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ನೋಡಿ. ಕೈಯಲ್ಲಿ ತಿರುಗಿಸುವಾಗಲೂ ಅದೇ ಸದ್ದು ಬಂದರೆ ದೋಷ ಡ್ರಮ್ಮಿನ ಆಧಾರದಲ್ಲೋ ಪುಲ್ಲಿಯಲ್ಲೋ ಇದೆ. ಭಾಗಗಳನ್ನು ತರಿಸುವ ಮೊದಲು ಇಷ್ಟನ್ನು ಖಚಿತಪಡಿಸಿಕೊಳ್ಳಬೇಕೆಂಬುದು ನನ್ನ ಒತ್ತಾಯ. ಊಹೆಯ ಮೇಲೆ ಮೋಟಾರು ತರಿಸಿ ಹಣ ಕಳೆದುಕೊಂಡವರನ್ನು ನಾನು ಬಲ್ಲೆ, ಮೋಟಾರು ಕೆಡುವುದು ಇವುಗಳಿಗಿಂತ ಬಹಳ ಅಪರೂಪ. ಕಿರುಗುಟ್ಟುವ ಸದ್ದಷ್ಟೇ ಇರುವಾಗ ಕೆಲವು ದಿನ ಸ್ವಲ್ಪ ಸ್ವಲ್ಪ ಬಟ್ಟೆ ಹಾಕಿ ಬಳಸಬಹುದು. ಸುಟ್ಟ ವಾಸನೆ ಬಂದರೆ ಅಥವಾ ಲೋಹ ಉಜ್ಜುವ ಸದ್ದು ಕೇಳಿದರೆ ಆ ಕ್ಷಣವೇ ನಿಲ್ಲಿಸಿ.

ಉತ್ತರ 2: ನ್ಯೂಜೆರ್ಸಿಯಿಂದ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಬಿಚ್ಚುವ ಕ್ರಮವನ್ನು ನಾನು ಸೇರಿಸುತ್ತೇನೆ.

ಇಲ್ಲಿನ ವಿದ್ಯುತ್ ಡ್ರೈಯರ್‌ಗಳಿಗೆ ಸಾಮಾನ್ಯವಾಗಿ 240 ವೋಲ್ಟ್, 30 ಆಂಪಿಯರ್ ಸಂಪರ್ಕವಿರುತ್ತದೆ. ಬ್ರೇಕರ್ ಇಳಿಸಿದ್ದೇನೆಂದು ಸಮಾಧಾನಪಡದೆ ಪ್ಲಗ್ಗನ್ನೇ ಗೋಡೆಯಿಂದ ಕೀಳಬೇಕು. ಒಳಗಿನ ತಗಡಿನ ಅಂಚುಗಳು ಬ್ಲೇಡಿನಷ್ಟು ಹರಿತವಾಗಿರುವುದರಿಂದ ಕೈಗವಸು ಹಾಕಿಕೊಳ್ಳಿ. ನಿಮ್ಮ ಮಾದರಿಯಲ್ಲಿ ಲಿಂಟ್ ಜಾಲರಿಯನ್ನು ಹೊರತೆಗೆದರೆ ಅದರ ಬಾಯಿಯ ಹತ್ತಿರ ಎರಡು ಸ್ಕ್ರೂಗಳು ಕಾಣಿಸುತ್ತವೆ. ಅವನ್ನು ತೆಗೆದು, ಮೇಲಿನ ತಗಡಿನ ಮುಂಭಾಗದ ಸಂದಿಯಲ್ಲಿ, ಎರಡೂ ಮೂಲೆಗಳಿಂದ ಸುಮಾರು ಎರಡು ಅಂಗುಲ ಒಳಗೆ, ಬಣ್ಣದ ಕೆಲಸದವರು ಬಳಸುವ ಪಟ್ಟಿಯನ್ನು ತೂರಿಸಿ ಒತ್ತಿದರೆ ಸ್ಪ್ರಿಂಗ್ ಕ್ಲಿಪ್‌ಗಳು ಬಿಡುತ್ತವೆ ಮತ್ತು ಮೇಲ್ಭಾಗ ಕಾರಿನ ಬಾನೆಟ್ಟಿನ ಹಾಗೆ ಮೇಲೇಳುತ್ತದೆ. ಬಾಗಿಲಿನ ಸ್ವಿಚ್ಚಿನ ತಂತಿಯನ್ನು ಕಳಚಿ, ಒಳಗಿನ ಮೇಲ್ಮೂಲೆಗಳ ಸ್ಕ್ರೂ ತೆಗೆದರೆ ಮುಂಭಾಗದ ಹಲಗೆಯೂ ಬರುತ್ತದೆ. ಹಲಗೆ ಬಂದಾಗ ಡ್ರಮ್ಮಿನ ಮುಂಭಾಗ ಆಧಾರವಿಲ್ಲದೆ ಕುಸಿಯುವುದರಿಂದ ಒಬ್ಬರು ಹಿಡಿದುಕೊಂಡಿರುವುದು ಒಳ್ಳೆಯದು.

ಬೆಲ್ಟನ್ನು ಬಿಡಿಸುವ ಮೊದಲು ಅದು ಪುಲ್ಲಿಯನ್ನೂ ಮೋಟಾರನ್ನೂ ಬಳಸಿ ಹೋಗಿರುವ ದಾರಿಯ ಫೋಟೋ ತೆಗೆಯುವುದನ್ನು ಮರೆಯಬೇಡಿ, ಏಕೆಂದರೆ ಮರುಜೋಡಣೆಯಲ್ಲಿ ಹೆಚ್ಚಿನವರು ತೊಡಕುವುದು ಅಲ್ಲಿಯೇ. ಬೆಲ್ಟಿನ ಗೀರುಗಳಿರುವ ಮುಖ ಡ್ರಮ್ಮಿನ ಕಡೆಗೂ ಮೋಟಾರಿನ ಪುಲ್ಲಿಯ ಕಡೆಗೂ ಇರಬೇಕು. ಐಡ್ಲರ್ ಮೇಲೆ ಬೆಲ್ಟಿನ ನುಣುಪಾದ ಬೆನ್ನು ಹಾಯಬೇಕು. ಡ್ರಮ್ಮನ್ನು ಹೊರತೆಗೆದ ಮೇಲೆ ಪ್ರತಿಯೊಂದು ರೋಲರ್ ಅನ್ನೂ ಐಡ್ಲರ್ ಅನ್ನೂ ಬ್ಲೋವರ್ ಅನ್ನೂ ಬೆರಳಿನಿಂದ ತಿರುಗಿಸಿ. ಸರಾಗವಾಗಿ ತಿರುಗದಿರುವುದು ಅಥವಾ ಅಚ್ಚಿನ ಮೇಲೆ ಅತ್ತಿತ್ತ ಅಲುಗುವುದು ಕೆಟ್ಟಿದೆ. ಒಂದು ರೋಲರ್ ಹೋಗಿದ್ದರೂ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಹಳೆಯದೂ ಹೊಸದೂ ಬೆರೆತರೆ ಡ್ರಮ್ ಒಂದು ಪಕ್ಕಕ್ಕೆ ವಾಲಿ ಹೊಸದೂ ಬೇಗ ಸವೆಯುತ್ತದೆ.

ಗ್ಯಾಸ್ ಡ್ರೈಯರ್ ಇರುವವರು ಇದನ್ನು ಓದುತ್ತಿದ್ದರೆ, ಯಂತ್ರವನ್ನು ಗೋಡೆಯಿಂದ ಎಳೆಯುವ ಮೊದಲು ಗ್ಯಾಸ್ ಕವಾಟವನ್ನು ಮುಚ್ಚಬೇಕು. ಕೆಲಸ ಮುಗಿದ ಮೇಲೆ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ಪರೀಕ್ಷಿಸಬೇಕು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ನೀವು ಹೇಳಿದ ಕ್ರಮದಲ್ಲೇ ಬಿಚ್ಚಿ ನೋಡಿದೆ. ಹಿಂಭಾಗದ ಎರಡು ರೋಲರ್‌ಗಳಲ್ಲಿ ಒಂದರ ರಬ್ಬರ್ ಸವೆದು ಒಂದು ಕಡೆ ಚಪ್ಪಟೆಯಾಗಿದೆ, ಐಡ್ಲರ್ ಪುಲ್ಲಿ ಅಚ್ಚಿನ ಮೇಲೆ ಅಲುಗುತ್ತಿದೆ. ಬೆಲ್ಟಿನಲ್ಲಿ ಬಿರುಕುಗಳಿದ್ದರೂ ಹರಿದಿಲ್ಲ. ನನ್ನನ್ನು ನಿಜವಾಗಿ ಗಾಬರಿಗೊಳಿಸಿದ್ದು ತಳದಲ್ಲಿ ಮತ್ತು ಹೀಟರ್ ಪೆಟ್ಟಿಗೆಯ ಸುತ್ತ ಹತ್ತಿಯ ಹಾಸಿಗೆಯ ಹಾಗೆ ಕೂಡಿಕೊಂಡಿದ್ದ ಲಿಂಟ್. ಪ್ರತಿ ಸಲವೂ ಜಾಲರಿಯನ್ನು ಶುಚಿ ಮಾಡುತ್ತಿದ್ದರೂ ಇಷ್ಟೊಂದು ಒಳಗೆ ಹೇಗೆ ಸೇರಿತು? ಮತ್ತೊಂದು ಪ್ರಶ್ನೆ: ಐಡ್ಲರ್‌ಗೆ ಮನೆಯಲ್ಲಿರುವ ಡಬ್ಲ್ಯುಡಿ-40 ಸಿಂಪಡಿಸಿದರೆ ಸಾಕಾಗುವುದಿಲ್ಲವೇ?

ಉತ್ತರ 1ರವರಿಂದ

ದಯವಿಟ್ಟು ಸಿಂಪಡಿಸಬೇಡಿ. ಆ ಬಗೆಯ ಸ್ಪ್ರೇಗಳು ಹಗುರ; ಬಿಸಿಗೆ ಬೇಗ ಆರಿಹೋಗುತ್ತವೆ, ಇದ್ದ ಗ್ರೀಸನ್ನೂ ತೊಳೆದುಬಿಡುತ್ತವೆ, ಉಳಿದ ಅಂಟಿಗೆ ಲಿಂಟ್ ಹಿಡಿಯುತ್ತದೆ. ಅಚ್ಚು ಸವೆಯದೆ ಒಣಗಿದ್ದಷ್ಟೇ ಆಗಿದ್ದರೆ, ಲೋಹದ ಬುಷ್ (ಅಚ್ಚು ತೂರುವ ಒಳಬಳೆ) ಇರುವ ರೋಲರ್‌ಗೆ ಬಿಸಿ ತಡೆಯುವ ಎಣ್ಣೆಯನ್ನು ಒಂದೆರಡು ಹನಿ ಬಿಡಬಹುದಿತ್ತು. ನಿಮ್ಮ ಐಡ್ಲರ್ ಅಲುಗುತ್ತಿರುವುದರಿಂದ ಆ ಹಂತ ದಾಟಿದೆ. ಸವೆದ ಲೋಹವನ್ನು ಎಣ್ಣೆ ಮರಳಿ ತುಂಬುವುದಿಲ್ಲ. ರೋಲರ್‌ಗಳು, ಐಡ್ಲರ್ ಮತ್ತು ಬೆಲ್ಟ್ ಮೂರನ್ನೂ ಒಟ್ಟಿಗೆ ತರಿಸಿ. ಬಿರುಕು ಬಿಟ್ಟ ಬೆಲ್ಟಿಗಾಗಿ ಇದೇ ಡ್ರಮ್ಮನ್ನು ಮತ್ತೊಮ್ಮೆ ಇಳಿಸುವ ಶ್ರಮ ಬೇಡ. ಬಾಗಿಲಿನ ಒಳ ಅಂಚಿನಲ್ಲಿ ಅಂಟಿಸಿರುವ ಮಾದರಿ ಸಂಖ್ಯೆಯನ್ನು ಕೊಟ್ಟೇ ಭಾಗಗಳನ್ನು ಕೇಳಿ. ರೋಲರ್ ಹಾಕುವ ಮೊದಲು ಅಚ್ಚನ್ನು ಬಟ್ಟೆಯಿಂದ ಒರೆಸಿ ಉಗುರಿನಿಂದ ತಡವಿ ನೋಡಿ. ಗೀರು ಸಿಕ್ಕರೆ ಅಚ್ಚನ್ನೂ ಬದಲಿಸಬೇಕಾಗುತ್ತದೆ.

ಲಿಂಟ್‌ನ ವಿಷಯ ಸದ್ದಿಗಿಂತ ದೊಡ್ಡದು. ಜಾಲರಿ ಎಲ್ಲವನ್ನೂ ಹಿಡಿಯುವುದಿಲ್ಲ. ಸಣ್ಣ ನಾರು ಡ್ರಮ್ಮಿನ ಅಂಚಿನ ಫೆಲ್ಟ್ (ದಪ್ಪ ಉಣ್ಣೆಬಟ್ಟೆಯಂಥ) ಪಟ್ಟಿಯ ಸಂದಿನಿಂದಲೂ ಒಳಗೆ ಸೋರುತ್ತದೆ, ಪಟ್ಟಿ ಹಳತಾದಷ್ಟೂ ಹೆಚ್ಚು ಸೋರುತ್ತದೆ. ಅಮೆರಿಕದ ಅಗ್ನಿಶಾಮಕ ಆಡಳಿತ 2008ರಿಂದ 2010ರವರೆಗಿನ ಅವಧಿಗೆ ಮಾಡಿದ ಅಂದಾಜಿನಂತೆ ಮನೆಗಳಲ್ಲಿ ವರ್ಷಕ್ಕೆ ಸುಮಾರು 2,900 ಡ್ರೈಯರ್ ಬೆಂಕಿ ಪ್ರಕರಣಗಳು ಸಂಭವಿಸಿದ್ದವು, ಮತ್ತು ಅವುಗಳ ಮುಖ್ಯ ಕಾರಣ ಶುಚಿಗೊಳಿಸದಿರುವುದೇ ಆಗಿತ್ತು. ಯಂತ್ರ ತೆರೆದಿರುವಾಗಲೇ ತಳವನ್ನೂ ಹೀಟರ್ ಸುತ್ತಲನ್ನೂ ಬ್ಲೋವರ್ ಗೂಡನ್ನೂ ವ್ಯಾಕ್ಯೂಮ್ ಮಾಡಿ. ಹಿಂಬದಿಯ ಗಾಳಿಕೊಳವೆಯನ್ನೂ ಹೊರಗೋಡೆಯ ಮುಚ್ಚಳದವರೆಗೆ ಶುಚಿಗೊಳಿಸಿ. ಪ್ಲಾಸ್ಟಿಕ್ ಅಥವಾ ತೆಳುವಾದ ಹಾಳೆಯ ಸುರುಳಿ ಕೊಳವೆ ಇದ್ದರೆ ಅದನ್ನು ತೆಗೆದು, ನಾಲ್ಕು ಅಂಗುಲದ ನುಣುಪಾದ ಲೋಹದ ಕೊಳವೆ ಹಾಕಿಸಿ. ಸುರುಳಿಯ ಮಡಿಕೆಗಳಲ್ಲಿಯೇ ಲಿಂಟ್ ನಿಲ್ಲುತ್ತದೆ.

ಉತ್ತರ 3: ಮಂಗಳೂರಿನಿಂದ

ಕರಾವಳಿಯ ಮಳೆಗಾಲದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಆರುವುದೇ ಇಲ್ಲವೆಂದು ನಮ್ಮಲ್ಲಿಯೂ ಕೆಲವರು ಡ್ರೈಯರ್ ಇಟ್ಟುಕೊಂಡಿದ್ದಾರೆ. ಅಂಥವರಿಗೆ ಒಂದು ಮಾತು. ಇಲ್ಲಿ ಸಿಗುವ, ತೇವದ ಗಾಳಿಯನ್ನು ಹೊರಗೆ ಬಿಡದೆ ಒಳಗೇ ನೀರಾಗಿಸುವ ಕಂಡೆನ್ಸರ್ ಮತ್ತು ಹೀಟ್ ಪಂಪ್ ಡ್ರೈಯರ್‌ಗಳ ಒಳರಚನೆ ಬೇರೆ. ಡ್ರಮ್, ಬೆಲ್ಟ್, ರೋಲರ್‌ಗಳ ಬಗ್ಗೆ ಮೇಲೆ ಹೇಳಿದ್ದು ಬಹುಮಟ್ಟಿಗೆ ಅನ್ವಯಿಸುತ್ತದೆ. ಆದರೆ ಹಲವು ಮಾದರಿಗಳಲ್ಲಿ ಮೋಟಾರಿಗೆ ಕೆಪಾಸಿಟರ್ ಜೋಡಿಸಿರುತ್ತಾರೆ ಮತ್ತು ಪ್ಲಗ್ ಕಿತ್ತ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರಬಹುದು. ಅದನ್ನು ಬರಿಗೈಯಿಂದ ಮುಟ್ಟಬಾರದು. ಹೀಟ್ ಪಂಪ್ ಮಾದರಿಯಲ್ಲಿ ಫ್ರಿಜ್ಜಿನಂಥ ಗುಂಯ್ ಸದ್ದು ಕಂಪ್ರೆಸರಿನದು, ಅದು ದೋಷವಲ್ಲ. ಅದರ ಅನಿಲದ ಕೊಳವೆಗಳಿಗೆ ಮನೆಯಲ್ಲಿ ಕೈ ಹಾಕುವುದು ಬೇಡವೇ ಬೇಡ.

ಪ್ರಶ್ನೆ ಕೇಳಿದವರಿಂದ

ಭಾಗಗಳನ್ನು ಹಾಕಿದೆ. ಬಡಿತವೂ ಕಿರುಗುಟ್ಟುವಿಕೆಯೂ ಪೂರ್ತಿ ನಿಂತಿವೆ. ಮಗಳು ಮಹಡಿಯ ಮೇಲೆ ಓದುತ್ತಿರುವಾಗಲೂ ಈಗ ಯಂತ್ರ ಹಾಕಬಹುದು, ಅದೇ ನನಗೆ ಹೆಚ್ಚಿನ ಸಂತೋಷ. ಮುಂಭಾಗದಲ್ಲಿ ಮಾತ್ರ ಸವರಿದಂಥ ಸಣ್ಣ ಸದ್ದು ಕೇಳುತ್ತಿದೆ. ಅದೇನಿರಬಹುದು?

ಉತ್ತರ 2ರವರಿಂದ

ಕೇಳಿ ಸಂತೋಷವಾಯಿತು. ಮುಂಭಾಗದ ಹಲಗೆಯನ್ನು ಕೂರಿಸುವಾಗ ಫೆಲ್ಟ್ ಪಟ್ಟಿಯ ಯಾವುದೋ ಭಾಗ ಡ್ರಮ್ಮಿನ ಅಂಚಿನ ಕೆಳಗೆ ಮಡಚಿಕೊಂಡಿರಬೇಕು. ಪ್ಲಗ್ ಕಿತ್ತು, ಬಾಗಿಲು ತೆರೆದು, ಡ್ರಮ್ಮನ್ನು ಕೈಯಿಂದ ತಿರುಗಿಸುತ್ತ ಅಂಚಿನ ಸುತ್ತ ಬೆರಳಾಡಿಸಿ. ಮಡಚಿದ ಜಾಗ ಸಿಕ್ಕರೆ ಚಪ್ಪಟೆಯಾದ ಪ್ಲಾಸ್ಟಿಕ್ ತುಂಡಿನಿಂದ ಹೊರಗೆ ಎಳೆಯಿರಿ. ಹಾಗೆಯೇ ಬಿಟ್ಟರೆ ಪಟ್ಟಿ ಹರಿದು, ಗ್ಲೈಡ್‌ಗಳೂ ಸವೆಯುತ್ತವೆ. ಪಟ್ಟಿ ಸರಿಯಾಗಿದ್ದರೆ ನಾಲ್ಕು ಕಾಲುಗಳೂ ನೆಲಕ್ಕೆ ಸಮವಾಗಿ ಊರಿವೆಯೇ ಎಂದು ರಸಮಟ್ಟ ಇಟ್ಟು ನೋಡಿ. ಯಂತ್ರವನ್ನು ಗೋಡೆಯ ಕಡೆಗೆ ತಳ್ಳುವಾಗ ಒಂದು ಕಾಲು ಸರಿದು ಚೌಕಟ್ಟು ತಿರುಚಿಕೊಂಡಿರುವ ಸಾಧ್ಯತೆಯೂ ಇದೆ, ಹಿಂಬದಿಯ ಕೊಳವೆ ಆಗ ಜಜ್ಜಿಹೋಗಿಲ್ಲವೆಂಬುದನ್ನೂ ಖಚಿತಪಡಿಸಿಕೊಳ್ಳಿ.