ಎಲೆ ತುಂಬಿರೋ ಮರ ಪೆನ್ಸಿಲ್‌ನಲ್ಲಿ ಬಿಡ್ಸೋದು ಹೆಂಗೆ?

ನಾಲೆಏರಿ_ಮಂಡ್ಯ:
ಎಲ್ರಿಗೂ ನಮಸ್ಕಾರ. ಪೆನ್ಸಿಲ್ ಡ್ರಾಯಿಂಗ್ ಈಗಷ್ಟೇ ಶುರು ಮಾಡಿದೀನಿ. ನಮ್ಮೂರ ನಾಲೆ ಏರಿ ಮೇಲೆ ಒಂದು ದೊಡ್ಡ ಹೊಂಗೆ ಮರ ಇದೆ, ಅದನ್ನ ಬಿಡಿಸ್ಬೇಕು ಅಂತ ತುಂಬಾ ಆಸೆ. ಬೊಡ್ಡೆ, ಕೊಂಬೆ ಹೆಂಗೋ ಬರುತ್ತೆ ಆದ್ರೆ ಅಷ್ಟೊಂದು ಎಲೆ ಏನ್ ಮಾಡೋದು, ಒಂದೊಂದಾಗಿ ಬಿಡಿಸ್ಬೇಕಾ ಇಲ್ಲ ಮೇಲ್ಮೇಲೆ ಗೀಚಿದ್ರೆ ಸಾಕಾ? ಮನೇಲಿ ಎಚ್‌ಬಿ ಪೆನ್ಸಿಲ್ ಒಂದೇ ಇರೋದು, ಬೇರೆ ತಗೋಬೇಕಾ?

ಕೆರೆದಂಡೆ_ಮೈಸೂರು:
ಒಂದೊಂದು ಎಲೆ ಖಂಡಿತ ಬೇಡ ಸರ್. ದೂರದಲ್ಲಿ ನಿಂತು ನೋಡಿದ್ರೆ ಕಣ್ಣಿಗೆ ಎಲೆ ಕಾಣಲ್ಲ, ಎಲೆ ಗುಂಪು ಕಾಣುತ್ತೆ, ಪ್ರತಿ ಗುಂಪೂ ಒಂದು ಕೊಡೆ ಇದ್ದಂಗೆ, ಮೇಲ್ಗಡೆ ಬೆಳಕು ಅಡಿಗಡೆ ಕತ್ಲು. ಮರದ ಮುಂದೆ ಕೂತ್ಕೊಂಡು ಕಣ್ಣು ಅರ್ಧ ಮುಚ್ಚಿ ನೋಡಿ, ಸಣ್ಣಪುಟ್ಟದ್ದೆಲ್ಲ ಮಾಯ ಆಗಿ ಬರೀ ಬೆಳಕು ನೆರಳು ಉಳಿಯುತ್ತೆ, ನೀವು ಬಿಡಿಸ್ಬೇಕಾಗಿರೋದು ಅದನ್ನೇ. ಮೊದ್ಲು ಇಡೀ ಮರದ ಆಕಾರ ತುಂಬಾ ಲೈಟಾಗಿ ಹಾಕಿ, ಒಳಗೆ ಗುಂಪುಗಳನ್ನ ಗುರುತು ಮಾಡಿ, ಆಮೇಲೆ ಬಿಸಿಲು ಎಡಗಡೆಯಿಂದ ಬರ್ತಿದ್ರೆ ಎಲ್ಲಾ ಗುಂಪಿಗೂ ಬಲಗಡೆ ಮತ್ತು ಅಡಿ ಭಾಗಕ್ಕೆ ಶೇಡ್ ಕೊಡಿ. ಬಿಸಿಲು ಬಿದ್ದಿರೋ ಕಡೆ ಪೇಪರ್ ಹಂಗೇ ಬಿಟ್ಬಿಡಿ, ಅಲ್ಲಿ ಕೈ ಇಡಲೇಬೇಡಿ. ಎಲೆ ಥರ ಕಾಣೋ ಗೆರೆ ಗುಂಪಿನ ಅಂಚಲ್ಲಿ, ನೆರಳು ಬೆಳಕು ಸೇರೋ ಜಾಗದಲ್ಲಿ ಮಾತ್ರ ಬಂದ್ರೆ ಸಾಕು, ಉಳಿದಿದ್ದನ್ನ ನೋಡೋರ ಕಣ್ಣೇ ತುಂಬ್ಕೊಳ್ಳುತ್ತೆ.

ಇನ್ನೊಂದು ಮುಖ್ಯ. ಮರದ ಮಧ್ಯೆ ಅಲ್ಲಲ್ಲಿ ಆಕಾಶ ಕಾಣೋ ಕಿಂಡಿ ಬಿಡಿ, ಅದ್ರಲ್ಲಿ ಒಂದೆರಡು ಕೊಂಬೆ ಇಣುಕ್ಲಿ. ಪೂರ್ತಿ ಮುಚ್ಚಿದ್ರೆ ಮರಕ್ಕೆ ಉಸಿರೇ ಇರಲ್ಲ.

ಟೂಬಿ_ಫೋರ್‌ಬಿ:
ಪೆನ್ಸಿಲ್ ವಿಷ್ಯ ನಾನ್ ಹೇಳ್ತೀನಿ. ಪೆನ್ಸಿಲ್ ಮೇಲೆ ಬರೆದಿರೋ ಎಚ್ ನಂಬರ್ ಜಾಸ್ತಿ ಆದಷ್ಟೂ ಕಡ್ಡೀಲಿ ಜೇಡಿಮಣ್ಣು ಜಾಸ್ತಿ, ಗಟ್ಟಿ, ಗೆರೆ ತೆಳು. ಬಿ ನಂಬರ್ ಜಾಸ್ತಿ ಆದಷ್ಟೂ ಗ್ರಾಫೈಟ್ (ಕಪ್ಪು ಗೆರೆ ಬೀಳ್ಸೋ ಪದಾರ್ಥ) ಜಾಸ್ತಿ, ಮೆತ್ತಗೆ, ಕಪ್ಪು. ಎಚ್‌ಬಿ ಔಟ್‌ಲೈನ್‌ಗೆ ಇಟ್ಕೊಳ್ಳಿ, ಜೊತೆಗೆ 2ಬಿ ಮತ್ತು 6ಬಿ ತಗೊಂಡ್ರೆ ಸಾಕು, ಇಡೀ ಸೆಟ್ ಈಗ್ಲೇ ಬೇಡ. ಎಚ್‌ಬಿನೇ ಒತ್ತಿ ಒತ್ತಿ ಕಪ್ಪು ಮಾಡೋಕೆ ಹೋದ್ರೆ ಪೇಪರ್‌ನಲ್ಲಿ ಗೀರು ಬಿದ್ದು ಹೊಳೆಯುತ್ತೆ ಅಷ್ಟೇ, ಕಪ್ಪು ಬರಲ್ಲ. ನುಣುಪು ಪೇಪರ್ ಬೇಡ, ಸ್ವಲ್ಪ ತರಿ ಇರೋ ಡ್ರಾಯಿಂಗ್ ಶೀಟ್ ತಗೊಳ್ಳಿ. ಮತ್ತೆ ದಯವಿಟ್ಟು ಬೆರಳಲ್ಲಿ ಉಜ್ಜಬೇಡಿ ಕಣ್ರೀ, ಎಲೆ ಎಲ್ಲಾ ಹೊಗೆ ಆಗೋಗುತ್ತೆ.

ನಾಲೆಏರಿ_ಮಂಡ್ಯ:
ಇಬ್ರಿಗೂ ತುಂಬಾ ಥ್ಯಾಂಕ್ಸ್. ಹೊಂಗೆಗೆ ಗೆರೆ ಹೆಂಗೆ ಹಾಕ್ಬೇಕು, ಎಲ್ಲಾ ಮರಕ್ಕೂ ಒಂದೇ ಥರಾನಾ? ಎಷ್ಟೊತ್ತಿಗೆ ಕೂತ್ರೆ ಒಳ್ಳೇದು?

ಸಾಲುಮರ:
ಒಂದೇ ಥರ ಅಲ್ಲಮ್ಮ/ಅಣ್ಣ (ಯಾರು ಅಂತ ಗೊತ್ತಾಗ್ಲಿಲ್ಲ). ಹೊಂಗೆ ಕೊಂಬೆ ತುದಿ ಕೆಳಕ್ಕೆ ಬಾಗಿರುತ್ತೆ, ಅದಕ್ಕೆ ಗೆರೇನೂ ಸ್ವಲ್ಪ ಕೆಳಮುಖ ಇರ್ಲಿ, ಪೆನ್ಸಿಲ್ ಓರೆ ಹಿಡ್ಕೊಂಡು ಗಿಡ್ಡ ಗಿಡ್ಡ ಬಾಗಿದ ಗೆರೆ. ಮಾವಿನ ಮರ ಆದ್ರೆ ಉದ್ದ ಎಲೆ ಜೋತಾಡುತ್ತೆ, ಗುಂಪು ದಟ್ಟ, ಕಿಂಡಿ ಕಮ್ಮಿ. ತೆಂಗಿಗೆ ಈ ಗುಂಪಿನ ಲೆಕ್ಕ ನಡಿಯಲ್ಲ, ಗರಿ ಗರಿಯಾಗೇ ಬಿಡಿಸ್ಬೇಕು. ಮೈಸೂರು ಕಡೆ ಬಂದು ಮಳೆಮರ ಬಿಡಿಸೋ ಆಸೆ ಇದ್ರೆ ಸಂಜೆ ತಡ ಮಾಡ್ಬೇಡಿ, ಹೊತ್ತು ಮುಳುಗೋ ಟೈಮಿಗೆ ಅದು ಎಲೆ ಮಡಚ್ಕೊಳ್ಳುತ್ತೆ, ಮರ ತೆಳ್ಳಗೆ ಕಾಣ್ಸುತ್ತೆ.

ಹೊತ್ತು ಅಂದ್ರೆ ಬೆಳಿಗ್ಗೆ ಒಂಬತ್ತರ ಒಳಗೆ ಇಲ್ಲಾ ಸಂಜೆ ನಾಲ್ಕರ ಮೇಲೆ, ಬಿಸಿಲು ಪಕ್ಕದಿಂದ ಬೀಳುತ್ತೆ. ಹೊಂಗೆ ಯುಗಾದಿಗೆ ಮುಂಚೆ ಹಳೇ ಎಲೆ ಉದುರಿಸಿ ಚಿಗುರುತ್ತೆ, ಆ ಸಮಯಕ್ಕೆ ಹೋದ್ರೆ ಕೊಂಬೆ ಹೆಂಗೆ ಹೊರಟಿದೆ ಅಂತ ಪೂರ್ತಿ ನೋಡ್ಬಹುದು. ಆಗ ಕೊಂಬೆ ಒಂದ್ಸಲ ಬಿಡಿಸಿಟ್ಕೊಳ್ಳಿ, ಎಲೆ ತುಂಬಿದ್ಮೇಲೆ ಅದೇ ಮರ ಬಿಡಿಸುವಾಗ ಯಾವ ಗುಂಪು ಯಾವ ಕೊಂಬೆದು ಅಂತ ಗೊತ್ತಿರುತ್ತೆ. ಬಿಡಿಸಿದ್ಮೇಲೆ ಫೋಟೋ ಹಾಕಿ.